ಜಾಯ್‌ಸ್ಟಿಕ್ಕನ್ನು ಗೇಮಿಗೆ ಒಗ್ಗಿಸುವುದು: ಕೇಬಲ್‌ನಿಂದ ಕರ್ವ್‌ವರೆಗೆ

ಜಾಯ್‌ಸ್ಟಿಕ್ ಸಿಕ್ಕಿಸಿದ್ದಾಯಿತು, ಗೇಮ್ ತೆರೆದದ್ದಾಯಿತು, ವಿಮಾನ ಮಾತ್ರ ಅಲ್ಲಾಡುವುದಿಲ್ಲ. ಇಲ್ಲವೇ ಅಲ್ಲಾಡುತ್ತದೆ, ಆದರೆ ಕೈ ಬಿಟ್ಟರೂ ಎಡಕ್ಕೇ ವಾಲುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಕ್ಯಾಲಿಬ್ರೇಷನ್‌ಗೆ, ಅಂದರೆ ಸ್ಟಿಕ್ಕಿನ ನಡು ಮತ್ತು ತುದಿಗಳನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದಕ್ಕೆ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಸುಸ್ಥಿತಿಯಲ್ಲಿದ್ದ ಸ್ಟಿಕ್ಕನ್ನು ಅರ್ಧಂಬರ್ಧ ಕ್ಯಾಲಿಬ್ರೇಟ್ ಮಾಡಿ, ಇದ್ದ ಒಂದು ತೊಂದರೆಯ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳುವುದೇ ಹೆಚ್ಚು.

ಕೈಯ ಚಲನೆ ಗೇಮಿನೊಳಗೆ ತಲುಪಲು ನಾಲ್ಕು ಕೊಂಡಿ ದಾಟಬೇಕು. ಸ್ಟಿಕ್ಕಿನ ಒಳಗಿನ ಸೆನ್ಸರ್, ಯುಎಸ್‌ಬಿ ಸಂಪರ್ಕ, ಆಪರೇಟಿಂಗ್ ಸಿಸ್ಟಂ, ಕೊನೆಗೆ ಗೇಮ್. ಗೇಮಿನಲ್ಲೂ ಎರಡು ಹಂತ: ಅದು ಸ್ಟಿಕ್ಕನ್ನು ಕಾಣಬೇಕು, ಕಂಡ ಮೇಲೆ ಯಾವ ಚಲನೆಗೆ ಯಾವ ಕೆಲಸ ಎಂದು ಅದಕ್ಕೆ ತಿಳಿದಿರಬೇಕು. ಯಾವ ಕೊಂಡಿ ಕಳಚಿದೆ ಎಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಸಿಕ್ಕಿಸುವಾಗ

ಈಗಿನ ಬಹುತೇಕ ಜಾಯ್‌ಸ್ಟಿಕ್‌ಗಳು ಯುಎಸ್‌ಬಿಯ ಹೆಚ್‌ಐಡಿ (ಹ್ಯೂಮನ್ ಇಂಟರ್‌ಫೇಸ್ ಡಿವೈಸ್) ಎಂಬ ವರ್ಗಕ್ಕೆ ಸೇರಿದವು. ಕೀಬೋರ್ಡ್, ಮೌಸ್ ಕೂಡ ಅದೇ ವರ್ಗ. ಹಾಗಾಗಿ ಬೇರೆ ಡ್ರೈವರ್ ಬೇಕಿಲ್ಲ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ತಾನಾಗಿಯೇ ಗುರುತಿಸುತ್ತದೆ. ತಯಾರಕರ ಸಾಫ್ಟ್‌ವೇರ್ ಬೇಕಾಗುವುದು ಫರ್ಮ್‌ವೇರ್ ಅಪ್‌ಡೇಟ್, ದೀಪಗಳ ಬಣ್ಣ, ಮ್ಯಾಕ್ರೋ ಇಂಥ ಹೆಚ್ಚುವರಿ ಕೆಲಸಗಳಿಗೆ. ಮೊದಲ ಸಲ ಪರೀಕ್ಷಿಸುವಾಗ ಅದನ್ನು ಹಾಕದೇ ಇರುವುದು ಒಳ್ಳೆಯದು, ನಡುವೆ ತಲೆಹಾಕುವ ಒಂದು ಪ್ರೋಗ್ರಾಂ ಕಡಿಮೆಯಾಗುತ್ತದೆ.

ಸಿಕ್ಕಿಸುವ ಕ್ಷಣದಲ್ಲಿ ಸ್ಟಿಕ್ ಮುಟ್ಟಬೇಡಿ. ಕರೆಂಟ್ ಬಂದ ಗಳಿಗೆಯಲ್ಲಿ ಎಲ್ಲಿದೆಯೋ ಅದನ್ನೇ ‘ನಡು’ ಎಂದು ಹಿಡಿಯುವ ಸ್ಟಿಕ್‌ಗಳಿವೆ. ಒಂದು ಕೈಯಲ್ಲಿ ಸ್ಟಿಕ್ ಒರಗಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಕೇಬಲ್ ಸಿಕ್ಕಿಸಿದರೆ ಆಮೇಲೆ ಗೇಮಿನುದ್ದಕ್ಕೂ ಒಂದು ಕಡೆ ಎಳೆಯುತ್ತಲೇ ಇರುತ್ತದೆ. ತೆಗೆದು, ಮೇಜಿನ ಮೇಲೆ ಇಟ್ಟು, ಮುಟ್ಟದೆ ಮತ್ತೆ ಸಿಕ್ಕಿಸಿದರೆ ಅಲ್ಲಿಗೇ ಸರಿಹೋಗುವುದುಂಟು.

ಹಬ್ ಮೂಲಕ ಕೊಡುವುದಾದರೆ ಪ್ರತ್ಯೇಕ ವಿದ್ಯುತ್ ಇರುವ ಹಬ್ ಬಳಸಿ. ಯುಎಸ್‌ಬಿ 2.0ರಲ್ಲಿ ಕಂಪ್ಯೂಟರಿನ ಪೋರ್ಟ್ 500 ಮಿಲಿಆಂಪಿಯರ್ ಕೊಡುತ್ತದೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ತನ್ನ ಒಂದೊಂದು ಪೋರ್ಟಿಗೆ ಕೊಡಬೇಕಾದದ್ದು 100 ಮಾತ್ರ. ಸ್ಟಿಕ್, ಥ್ರಾಟಲ್ (ಎಂಜಿನ್ ಬಲ ಏರಿಳಿಸುವ ಹಿಡಿಕೆ), ಕಾಲಿನ ಪೆಡಲ್ ಮೂರನ್ನೂ ಅಂಥ ಹಬ್ಬಿಗೆ ಹಾಕಿದರೆ ಆಟದ ನಡುವೆ ಒಂದು ಮಾಯವಾಗಿ ಮತ್ತೆ ಬರುತ್ತದೆ. ವಿಂಡೋಸ್ ‘ಟಿಂಗ್’ ಎಂದು ಸದ್ದು ಮಾಡಿದರೆ ಅದೇ ಸುಳಿವು.

ಹಳೆಯ 15 ಪಿನ್ನಿನ ಗೇಮ್‌ಪೋರ್ಟ್ ಸ್ಟಿಕ್ ಇದ್ದರೆ ವಿಷಯ ಬೇರೆ. ಅದರೊಳಗೆ ಇರುವುದು ಬರೀ ರೆಸಿಸ್ಟೆನ್ಸ್, ಡಿಜಿಟಲ್ ಸಂಕೇತ ಕೊಡುವ ಚಿಪ್ ಇಲ್ಲ. ವಿಂಡೋಸ್ ವಿಸ್ಟಾದಿಂದೀಚೆಗೆ ಗೇಮ್‌ಪೋರ್ಟ್‌ಗೆ ಬೆಂಬಲವೂ ನಿಂತಿದೆ. ಇದಕ್ಕೆ ಒಳಗೆ ಚಿಪ್ ಇರುವ ಯುಎಸ್‌ಬಿ ಪರಿವರ್ತಕ ಬೇಕು. ಎರಡು ತುದಿಯ ಆಕಾರ ಮಾತ್ರ ಹೊಂದಿಸುವ ಬರೀ ವೈರಿನ ಜೋಡಣೆಯಿಂದ ಏನೂ ಆಗದು.

ಗೇಮ್ ತೆರೆಯುವ ಮೊದಲೇ ನೋಡಬೇಕಾದ್ದು

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಪುಟ್ಟ ಪೆಟ್ಟಿಗೆಯಲ್ಲಿ ‘ಜೆ, ಒ, ವೈ, ಚುಕ್ಕೆ, ಸಿ, ಪಿ, ಎಲ್’ ಎಂಬ ಇಂಗ್ಲಿಷ್ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಟೈಪಿಸಿ ಎಂಟರ್ ಒತ್ತಿ. ‘ಗೇಮ್ ಕಂಟ್ರೋಲರ್ಸ್’ ಕಿಟಕಿ ತೆರೆಯುತ್ತದೆ. ಇದು ವಿಂಡೋಸ್ 11ರಲ್ಲೂ ಇದೆ, ಹಳೆಯ ಮುಖದಲ್ಲೇ ಇದೆ. ಪಟ್ಟಿಯಲ್ಲಿ ನಿಮ್ಮ ಸ್ಟಿಕ್ಕಿನ ಹೆಸರು ಆರಿಸಿ ‘ಪ್ರಾಪರ್ಟೀಸ್’ ಒತ್ತಿ.

‘ಟೆಸ್ಟ್’ ಹಾಳೆಯಲ್ಲಿ ಒಂದು ಚೌಕ, ಅದರೊಳಗೆ ಒಂದು ಕೂಡುಗುರುತು. ಸ್ಟಿಕ್ಕನ್ನು ನಿಧಾನವಾಗಿ ಎಡಕ್ಕೆ ಒಯ್ಯಿರಿ. ಗುರುತು ಅಂಚು ಮುಟ್ಟಬೇಕು, ಬಿಟ್ಟಾಗ ನಡುವಿಗೆ ಮರಳಬೇಕು. ನಾಲ್ಕು ದಿಕ್ಕಿಗೂ, ನಾಲ್ಕು ಮೂಲೆಗೂ ಹೀಗೇ ನೋಡಿ. ಗುರುತು ನುಣ್ಣಗೆ ಜಾರುತ್ತದೆಯೋ, ನಡುನಡುವೆ ಜಿಗಿಯುತ್ತದೆಯೋ ಎಂಬುದನ್ನು ಗಮನವಿಟ್ಟು ನೋಡಬೇಕು. ಜಿಗಿದರೆ ತೊಂದರೆ ಸೆನ್ಸರಿನದು. ಆಮೇಲೆ ಹಿಡಿ ತಿರುಚಿ ನೋಡಿ, ಥ್ರಾಟಲ್ ತಳ್ಳಿ ನೋಡಿ, ಆಯಾ ಪಟ್ಟಿ ಏರಿಳಿಯಬೇಕು. ಹೀಗೆ ಒಂದೊಂದು ದಿಕ್ಕಿನ ಚಲನೆಗೆ ಆಕ್ಸಿಸ್ ಎನ್ನುತ್ತಾರೆ. ಪ್ರತಿ ಬಟನ್ ಒತ್ತಿದಾಗಲೂ ಒಂದು ಕೆಂಪು ದೀಪ ಹತ್ತಬೇಕು. ಹೆಬ್ಬೆರಳಿನ ಹ್ಯಾಟ್ ಸ್ವಿಚ್‌ಗೆ ಬೇರೆಯೇ ಬಾಣದ ಗುರುತಿದೆ. ಈ ಕಿಟಕಿ ತೋರಿಸುವುದು ಮೊದಲ 32 ಬಟನ್ ಮಾತ್ರ. ದೊಡ್ಡ ಥ್ರಾಟಲ್‌ಗಳಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಉಳಿದವು ಕೆಟ್ಟಿವೆ ಎಂದು ಗಾಬರಿಯಾಗಬೇಡಿ.

ಇಲ್ಲಿ ಎಲ್ಲವೂ ಸರಿಯಿದ್ದರೆ ಮೊದಲ ಮೂರು ಕೊಂಡಿ ಗಟ್ಟಿ. ತೊಂದರೆ ಇರುವುದು ಗೇಮಿನಲ್ಲೇ. ಕೇಬಲ್ ಬದಲಾಯಿಸುವುದು, ಡ್ರೈವರ್ ಹುಡುಕುವುದು ಎಲ್ಲ ಬಿಟ್ಟುಬಿಡಿ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಮೊದಲು ಕಂಪ್ಯೂಟರಿನ ಹಿಂಬದಿಯ ಬೇರೊಂದು ಪೋರ್ಟ್ ನೋಡಿ. ಆಗಲೂ ಇಲ್ಲವೆಂದರೆ ಡಿವೈಸ್ ಮ್ಯಾನೇಜರ್ ತೆರೆದು ‘ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್’ ಅಡಿ ಗೇಮ್ ಕಂಟ್ರೋಲರ್ ಎಂಬ ಸಾಲಿದೆಯೇ ನೋಡಿ. ಹಳದಿ ಗುರುತಿನೊಂದಿಗೆ ಇದ್ದರೆ ಬಲಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಟ್ಟು, ಕೇಬಲ್ ತೆಗೆದು, ಮತ್ತೆ ಸಿಕ್ಕಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಸ್ಟಿಕ್ ಸತ್ತಂತಾಗುವ ಕಾಯಿಲೆಗೆ ಮದ್ದೂ ಡಿವೈಸ್ ಮ್ಯಾನೇಜರಿನಲ್ಲೇ ಇದೆ: ‘ಯುಎಸ್‌ಬಿ ರೂಟ್ ಹಬ್’ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ, ಪವರ್ ಮ್ಯಾನೇಜ್‌ಮೆಂಟ್ ಹಾಳೆಯಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಟಿಕ್ ತೆಗೆಯಿರಿ.

ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಜೆಎಸ್‌ಟೆಸ್ಟ್-ಜಿಟಿಕೆ ಎಂಬ ಪುಟ್ಟ ಪ್ರೋಗ್ರಾಂ ಸಾಕು. ಟರ್ಮಿನಲ್ ಇಷ್ಟಪಡುವವರಿಗೆ ಇವಿಟೆಸ್ಟ್ ಇದೆ. ರೂಟ್ ಆಗಿ ನೋಡಿದಾಗ ಸ್ಟಿಕ್ ಕಾಣಿಸಿ, ಸಾಮಾನ್ಯ ಬಳಕೆದಾರನಿಗೆ ಕಾಣಿಸದಿದ್ದರೆ ಅದು ಅನುಮತಿಯ ತೊಂದರೆ, ಸಾಧನಗಳ ಅನುಮತಿ ನೋಡಿಕೊಳ್ಳುವ ಯುಡೆವ್‌ಗೆ ಒಂದು ನಿಯಮ ಸೇರಿಸಬೇಕು. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಲಿನಕ್ಸ್ ಕರ್ನಲ್ ಜಾಯ್‌ಸ್ಟಿಕ್ಕಿನ ಆಕ್ಸಿಸ್‌ಗಳಿಗೆ ತಾನೇ ಒಂದು ‘ಚಪ್ಪಟೆ’ ಭಾಗವನ್ನು ನಿಗದಿ ಮಾಡುತ್ತದೆ, ಪೂರ್ತಿ ವ್ಯಾಪ್ತಿಯ 16ನೇ ಒಂದು ಭಾಗದಷ್ಟು. ಅದನ್ನು ಪಾಲಿಸುವ ಗೇಮುಗಳಲ್ಲಿ ಒಳ್ಳೆಯ ಸ್ಟಿಕ್ ಕೂಡ ನಡುವಿನಲ್ಲಿ ಮಂಕಾಗಿರುತ್ತದೆ. ಇವಿಡೆವ್-ಜಾಯ್‌ಸ್ಟಿಕ್ ಎಂಬ ಉಪಕರಣದಿಂದ ಅದನ್ನು ಸೊನ್ನೆಗಿಳಿಸಬಹುದು.

ಗೇಮ್ ಯಾವ ಭಾಷೆ ಬಲ್ಲದು?

ಅತಿ ಹೆಚ್ಚು ಸಮಯ ಹಾಳಾಗುವುದು ಇಲ್ಲಿ. ವಿಂಡೋಸ್‌ನಲ್ಲಿ ಗೇಮುಗಳು ಕಂಟ್ರೋಲರ್‌ಗಳೊಂದಿಗೆ ಮಾತಾಡಲು ಮುಖ್ಯವಾಗಿ ಎರಡು ದಾರಿಗಳಿವೆ. ಡೈರೆಕ್ಟ್‌ಇನ್‌ಪುಟ್ ಹಳೆಯದು, ಆದರೆ ವಿಶಾಲ: ಒಂದು ಸಾಧನದಿಂದ 8 ಆಕ್ಸಿಸ್, 128 ಬಟನ್, 4 ಹ್ಯಾಟ್ ಓದಬಲ್ಲದು. ಎಕ್ಸ್‌ಇನ್‌ಪುಟ್ ಬಂದದ್ದು 2005ರಲ್ಲಿ, ಎಕ್ಸ್‌ಬಾಕ್ಸ್ 360ರ ಜೊತೆಗೆ. ಅದಕ್ಕೆ ಗೊತ್ತಿರುವುದು ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡಿನ ಆಕಾರ ಒಂದೇ: ಎರಡು ಪುಟ್ಟ ಸ್ಟಿಕ್, ಎರಡು ಟ್ರಿಗರ್, ಒಂದಷ್ಟು ಬಟನ್. ಒಟ್ಟು ನಾಲ್ಕು ಪ್ಯಾಡ್ ಮಾತ್ರ.

ವಿಮಾನ ಹಾರಿಸುವ ಸ್ಟಿಕ್‌ಗಳು ಡೈರೆಕ್ಟ್‌ಇನ್‌ಪುಟ್‌ನವು. ಓಟ, ಹೊಡೆದಾಟದ ಬಹಳಷ್ಟು ಗೇಮುಗಳು ಎಕ್ಸ್‌ಇನ್‌ಪುಟ್ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಅಂಥ ಗೇಮಿನ ಮುಂದೆ ನಿಮ್ಮ ಸ್ಟಿಕ್ ಎಷ್ಟೇ ಒಳ್ಳೆಯದಾದರೂ ಅದು ಇಲ್ಲದಂತೆಯೇ. ವಿಂಡೋಸ್ ಪರೀಕ್ಷೆಯಲ್ಲಿ ಎಲ್ಲ ಸರಿ, ಗೇಮಿನ ಮೆನುವಿನಲ್ಲಿ ಸ್ಟಿಕ್ಕಿನ ಹೆಸರೇ ಇಲ್ಲ ಎಂದಾದರೆ ಮೊದಲ ಅನುಮಾನ ಇದರ ಮೇಲಿರಲಿ.

ಸ್ಟೀಮ್‌ನಲ್ಲಿ ಕೊಂಡ ಗೇಮಾದರೆ ಸ್ಟೀಮ್ ಇನ್‌ಪುಟ್ ಎಂಬ ದುಭಾಷಿ ಒಳಗೇ ಇದೆ. ಲೈಬ್ರರಿಯಲ್ಲಿ ಗೇಮಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅದರಲ್ಲಿ ಕಂಟ್ರೋಲರ್. ಎಕ್ಸ್‌ಇನ್‌ಪುಟ್ ಮಾತ್ರ ಬಲ್ಲ ಗೇಮಿಗೆ ಇದನ್ನು ‘ಎನೇಬಲ್’ ಮಾಡಿ. ಜಾಯ್‌ಸ್ಟಿಕ್ಕನ್ನು ನೇರವಾಗಿ ಬಲ್ಲ ಸಿಮ್ಯುಲೇಟರ್‌ಗಳಿಗೆ ‘ಡಿಸೇಬಲ್’ ಮಾಡಿ. ಇಲ್ಲವಾದರೆ ಗೇಮಿಗೆ ಒಂದೇ ಸ್ಟಿಕ್ ಎರಡಾಗಿ ಕಾಣುತ್ತದೆ, ನಿಜವಾದದ್ದು ಒಂದು, ಸ್ಟೀಮ್ ಸೃಷ್ಟಿಸಿದ ನೆರಳು ಇನ್ನೊಂದು. ಬಟನ್ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುವುದು, ಚಕ್ರ ಇಳಿದ ಕೂಡಲೇ ಮತ್ತೆ ಏರುವುದು ಇದರ ಲಕ್ಷಣ.

ಸ್ಟೀಮ್ ಹೊರಗಿನ ಗೇಮಿಗೆ ಎಕ್ಸ್360ಸಿಇ ಎಂಬ ಉಚಿತ ಉಪಕರಣವಿದೆ, ನಿಮ್ಮ ಸ್ಟಿಕ್ಕಿಗೆ ಎಕ್ಸ್‌ಬಾಕ್ಸ್ ಪ್ಯಾಡಿನ ವೇಷ ತೊಡಿಸುತ್ತದೆ. ಅದರ 3ನೇ ಆವೃತ್ತಿಯನ್ನು ಗೇಮಿನ ಫೋಲ್ಡರಿನಲ್ಲೇ ಇಡಬೇಕು, ಮತ್ತು 32 ಬಿಟ್ ಗೇಮಿಗೆ 32 ಬಿಟ್, 64ಕ್ಕೆ 64 ಎಂದು ಹೊಂದಿಸಬೇಕು. ತಪ್ಪಿದರೆ ಯಾವ ದೋಷವನ್ನೂ ತೋರಿಸದೆ ಸುಮ್ಮನೆ ಕೆಲಸ ಮಾಡುವುದಿಲ್ಲ. 4ನೇ ಆವೃತ್ತಿ ವರ್ಚುವಲ್ ಕಂಟ್ರೋಲರ್ ಬಳಸುತ್ತದೆ, ಗೇಮಿನ ಫೋಲ್ಡರ್ ಮುಟ್ಟುವುದಿಲ್ಲ. ಆನ್‌ಲೈನ್ ಗೇಮುಗಳ ಮೋಸತಡೆ ವ್ಯವಸ್ಥೆ ಇಂಥ ಬದಲಾವಣೆಗಳಿಗೆ ತಗಾದೆ ತೆಗೆಯಬಹುದು, ಅಲ್ಲಿ ಇದರ ಗೊಡವೆಗೆ ಹೋಗದಿರುವುದೇ ಲೇಸು.

ಜಾಯ್‌ಸ್ಟಿಕ್ಕನ್ನೇ ಅರಿಯದ, ಕೀಬೋರ್ಡ್ ಮಾತ್ರ ಗೊತ್ತಿರುವ ಗೇಮುಗಳಿಗೆ ಜಾಯ್‌ಟುಕೀ ಅಥವಾ ಆಂಟಿಮೈಕ್ರೋಎಕ್ಸ್ ಇವೆ. ಸ್ಟಿಕ್ ಎಡಕ್ಕೆ ವಾಲಿಸಿದರೆ ಎಡಬಾಣ ಒತ್ತಿದಂತಾಗುತ್ತದೆ. ಆದರೆ ಕೀ ಎಂದರೆ ಒತ್ತಿದೆ ಅಥವಾ ಒತ್ತಿಲ್ಲ, ಎರಡೇ. ಸ್ವಲ್ಪ ವಾಲಿಸಿದರೆ ಸ್ವಲ್ಪ ತಿರುಗುವ ಸೂಕ್ಷ್ಮ ಇದರಲ್ಲಿ ಸಿಗದು.

ಬೈಂಡಿಂಗ್: ಒಂದು ಆಕ್ಸಿಸ್, ಒಬ್ಬನೇ ಯಜಮಾನ

ಗೇಮ್ ಸ್ಟಿಕ್ಕನ್ನು ಕಂಡಿತು ಎಂದುಕೊಳ್ಳಿ. ಇನ್ನು ಕಂಟ್ರೋಲ್ಸ್ ಮೆನು. ಯಾವ ಚಲನೆಗೆ ಯಾವ ಕೆಲಸ ಎಂದು ಜೋಡಿಸುವುದೇ ಬೈಂಡಿಂಗ್. ಇಲ್ಲಿ ಸ್ಟಿಕ್ ಆಕ್ಸಿಸ್‌ಗಳನ್ನು ಮೊದಲು ಮುಗಿಸಿ, ಬಟನ್‌ಗಳು ಆಮೇಲೆ. ಎಕ್ಸ್ ಆಕ್ಸಿಸ್ ರೋಲ್‌ಗೆ (ವಿಮಾನ ಎಡಬಲಕ್ಕೆ ಉರುಳುವುದು), ವೈ ಪಿಚ್‌ಗೆ (ಮೂಗು ಮೇಲೆ ಕೆಳಗೆ ಆಗುವುದು), ಹಿಡಿಯ ತಿರುಚು ರಡರ್‌ಗೆ (ಮೂಗು ಎಡಬಲಕ್ಕೆ ತಿರುಗುವುದು), ಸ್ಲೈಡರ್ ಥ್ರಾಟಲ್‌ಗೆ. ತಿರುಚು ಸಾಮಾನ್ಯವಾಗಿ ಝಡ್ ರೊಟೇಷನ್ ಎಂಬ ಹೆಸರಿನಲ್ಲಿ ಕಾಣಿಸುತ್ತದೆ.

ಒಂದಕ್ಕಿಂತ ಹೆಚ್ಚು ಸಾಧನ ಇರುವವರು ಎಡವುವ ಜಾಗ ಒಂದಿದೆ. ಕೆಲವು ಗೇಮುಗಳು ಸಿಕ್ಕಿಸಿದ ಪ್ರತಿ ಸಾಧನಕ್ಕೂ ತಾವೇ ಬೈಂಡಿಂಗ್ ಹಾಕಿಬಿಡುತ್ತವೆ. ಯುದ್ಧವಿಮಾನಗಳ ಸಿಮ್ಯುಲೇಟರ್ ಡಿಸಿಎಸ್ ವರ್ಲ್ಡ್ ಇದಕ್ಕೆ ಪ್ರಸಿದ್ಧ ಉದಾಹರಣೆ: ಸ್ಟಿಕ್ಕಿನ ಎಕ್ಸ್ ಆಕ್ಸಿಸ್ ರೋಲ್ ಆಗುವುದು ಸರಿ, ಪೆಡಲಿನ ಎಡ ಬ್ರೇಕ್ ಕೂಡ ರೋಲ್ ಆಗಿ ಕೂತಿರುತ್ತದೆ. ಒತ್ತದಿದ್ದಾಗ ಆ ಬ್ರೇಕಿನ ಆಕ್ಸಿಸ್ ಒಂದು ತುದಿಯಲ್ಲೇ ಇರುವುದರಿಂದ ವಿಮಾನ ಒಂದೇ ಕಡೆ ಉರುಳುತ್ತದೆ, ನೀವು ಸ್ಟಿಕ್ಕನ್ನು ಬೈಯುತ್ತೀರಿ. ಹೀಗಾದರೆ ‘ಆಕ್ಸಿಸ್ ಕಮಾಂಡ್ಸ್’ ವಿಭಾಗ ತೆರೆದು, ಒಂದೊಂದು ಕಾಲಮ್ಮಿನಲ್ಲೂ ಬೇಡದ್ದನ್ನು ಅಳಿಸಿ. ಒಂದು ಕೆಲಸಕ್ಕೆ ಒಂದೇ ಆಕ್ಸಿಸ್ ಉಳಿಯಬೇಕು. ಮೌಸ್ ಕಾಲಮ್ ನೋಡುವುದನ್ನೂ ಮರೆಯಬೇಡಿ.

ಥ್ರಾಟಲ್ ಮುಂದೆ ತಳ್ಳಿದರೆ ಎಂಜಿನ್ ಇಳಿಯುತ್ತದೆ ಎಂದರೆ ಕೆಟ್ಟದ್ದೇನೂ ಇಲ್ಲ, ‘ಇನ್ವರ್ಟ್’ ಟಿಕ್ ಹಾಕಿ. ಥ್ರಾಟಲ್ ಪೂರ್ತಿ ಹಿಂದೆ ಎಳೆದರೂ ಎಂಜಿನ್ ಅರ್ಧದಲ್ಲಿ ನಿಂತಿದ್ದರೆ, ಆ ಆಕ್ಸಿಸ್‌ನ ನಡುವನ್ನೇ ಗೇಮ್ ಸೊನ್ನೆ ಎಂದು ತಿಳಿದಿದೆ ಎಂದರ್ಥ. ‘ಸ್ಲೈಡರ್’ ಎಂಬ ಆಯ್ಕೆ ಇದ್ದರೆ ಅದನ್ನು ಟಿಕ್ ಮಾಡಿ.

ಗೇಮ್ ಶುರುವಾದ ಹೊಸತರಲ್ಲಿ ಥ್ರಾಟಲ್ ಒಂದು ಕಡೆ, ಪರದೆಯ ಮೇಲೆ ಎಂಜಿನ್ ಇನ್ನೊಂದು ಕಡೆ ಇರುವುದಕ್ಕೂ ಕಾರಣವಿದೆ. ಬಹಳಷ್ಟು ಸ್ಟಿಕ್‌ಗಳು ಬದಲಾವಣೆ ಆದಾಗ ಮಾತ್ರ ಹೊಸ ಮೌಲ್ಯ ಕಳಿಸುತ್ತವೆ. ನೀವು ಮುಟ್ಟುವವರೆಗೆ ಗೇಮಿಗೆ ಅದು ಎಲ್ಲಿದೆ ಎಂದೇ ತಿಳಿಯದು. ಪ್ರತಿ ಸಲ ಆಟ ತೆರೆದ ಮೇಲೆ ಎಲ್ಲ ಆಕ್ಸಿಸ್‌ಗಳನ್ನೂ ಒಮ್ಮೆ ತುದಿಯಿಂದ ತುದಿಗೆ ಓಡಿಸಿಬಿಡಿ, ಐದು ಸೆಕೆಂಡಿನ ಕೆಲಸ.

ಡೆಡ್‌ಝೋನ್ ಮತ್ತು ಕರ್ವ್

ಕೈ ಬಿಟ್ಟಾಗ ಸ್ಟಿಕ್ ಪ್ರತಿ ಸಲವೂ ಅದೇ ಬಿಂದುವಿಗೆ ಮರಳುವುದಿಲ್ಲ. ಆ ಸಣ್ಣ ಅಲುಗಾಟವನ್ನು ನುಂಗಲು ನಡುವಿನಲ್ಲಿ ಬಿಡುವ ಸತ್ತ ಜಾಗವೇ ಡೆಡ್‌ಝೋನ್. ಎಷ್ಟು ಬಿಡಬೇಕು ಎಂಬುದನ್ನು ಅಂದಾಜಿನಲ್ಲಿ ಹಾಕದೆ ಅಳೆದು ಹಾಕಬಹುದು. ವಿಂಡೋಸ್‌ನ ಕ್ಯಾಲಿಬ್ರೇಷನ್ ಕಿಟಕಿಯಲ್ಲಿ ‘ಡಿಸ್‌ಪ್ಲೇ ರಾ ಡೇಟಾ’ ಟಿಕ್ ಹಾಕಿದರೆ ಅಂಕಿಗಳು ಕಾಣುತ್ತವೆ. ಅಂಕಿ ನೋಡಿ ‘ಕ್ಯಾನ್ಸಲ್’ ಒತ್ತಿ ಹೊರಬನ್ನಿ, ಮುಂದುವರಿಯಬೇಡಿ.

ಉದಾಹರಣೆಗೆ 10 ಬಿಟ್ ಸ್ಟಿಕ್ ಎಂದುಕೊಳ್ಳೋಣ. ಅದರ ವ್ಯಾಪ್ತಿ 0ಯಿಂದ 1023, ನಡು 512ರ ಸುತ್ತ. ಹತ್ತು ಸಲ ಬೇರೆ ಬೇರೆ ದಿಕ್ಕಿಗೆ ವಾಲಿಸಿ ಬಿಟ್ಟಾಗ ಅಂಕಿ 500ರಿಂದ 524ರ ನಡುವೆ ನಿಂತರೆ ಅಲುಗಾಟ ಎರಡೂ ಕಡೆ 12. ಅರ್ಧ ವ್ಯಾಪ್ತಿಯಾದ 512ರಲ್ಲಿ 12 ಎಂದರೆ ಶೇ 2.3. ಡೆಡ್‌ಝೋನ್ ಶೇ 3 ಸಾಕು. ಗೇಮ್ ಮೊದಲೇ ಶೇ 15 ಇಟ್ಟಿದ್ದರೆ ಇಳಿಸಿ. ಗೇಮ್‌ಪ್ಯಾಡಿನ ಪುಟ್ಟ ಸ್ಟಿಕ್ಕಿಗೆ ಲೆಕ್ಕ ಹಾಕಿದ ಅಷ್ಟು ದೊಡ್ಡ ಡೆಡ್‌ಝೋನ್ ದೊಡ್ಡ ಜಾಯ್‌ಸ್ಟಿಕ್ಕಿಗೆ ಶಿಕ್ಷೆಯಂತೆ. ತಿರುಚುವ ರಡರ್‌ಗೆ ಮಾತ್ರ ಶೇ 5ರಿಂದ 8 ಕೊಡಿ, ಸ್ಟಿಕ್ ಎಳೆಯುವಾಗ ಮಣಿಕಟ್ಟು ತನ್ನಷ್ಟಕ್ಕೆ ತುಸು ತಿರುಗುತ್ತದೆ. ಥ್ರಾಟಲ್‌ಗೆ ನಡುವೆ ಡೆಡ್‌ಝೋನ್ ಬೇಡವೇ ಬೇಡ.

ಕರ್ವ್ ಎಂದರೆ ನಡುವಿನಲ್ಲಿ ಸ್ಟಿಕ್ಕನ್ನು ಮೆತ್ತಗೆ, ತುದಿಯಲ್ಲಿ ಚುರುಕು ಮಾಡುವುದು. ಬಹಳ ಕಡೆ ಇದರ ಹಿಂದೆ ಇರುವುದು ಘನದ ಲೆಕ್ಕ: ಅರ್ಧ ಪಾಲು ನೇರ, ಅರ್ಧ ಪಾಲು ಘನ ಎಂದಿಟ್ಟರೆ, ಸ್ಟಿಕ್ ಶೇ 20 ವಾಲಿದಾಗ ಗೇಮಿಗೆ ಸುಮಾರು ಶೇ 10, ಶೇ 50 ವಾಲಿದಾಗ ಸುಮಾರು ಶೇ 31, ಪೂರ್ತಿ ವಾಲಿದಾಗ 100 ಸಿಗುತ್ತದೆ. ಗುರಿ ಹಿಡಿಯುವಾಗ, ಗಾಳಿಯಲ್ಲಿ ಇಂಧನ ತುಂಬಿಸುವಾಗ ಇದು ವರ. ಆದರೆ ಹೆಚ್ಚು ಬಗ್ಗಿಸಿದಷ್ಟೂ ತುದಿಯಲ್ಲಿ ಸ್ಟಿಕ್ ಒಮ್ಮೆಲೇ ಕಚ್ಚುತ್ತದೆ. ಕರ್ವನ್ನು ಶೇ 15ರಿಂದ ಶುರು ಮಾಡಿ, ಒಂದು ಸಲಕ್ಕೆ 5 ಏರಿಸಿ, ಪ್ರತಿ ಸಲವೂ ವಿಮಾನ ಹಾರಿಸಿ ಇಳಿಸಿ ನೋಡಿ. ಸ್ಟಿಕ್ಕಿನ ಸಾಫ್ಟ್‌ವೇರ್‌ನಲ್ಲಿ ಒಂದು ಕರ್ವ್, ಗೇಮಿನಲ್ಲಿ ಇನ್ನೊಂದು ಇಟ್ಟರೆ ಎರಡೂ ಗುಣಿಸಿಕೊಂಡು ನಡು ಪೂರಾ ಸತ್ತುಹೋಗುತ್ತದೆ. ಒಂದೇ ಕಡೆ ಇಡಿ.

ಈಗ ಕ್ಯಾಲಿಬ್ರೇಷನ್

ಪರೀಕ್ಷೆಯ ಕಿಟಕಿಯಲ್ಲಿ ಗುರುತು ಅಂಚು ಮುಟ್ಟದಿದ್ದರೆ ಅಥವಾ ನಡು ಸ್ಪಷ್ಟವಾಗಿ ಸರಿದಿದ್ದರೆ ಮಾತ್ರ ಇದು. ‘ಸೆಟ್ಟಿಂಗ್ಸ್’ ಹಾಳೆಯಲ್ಲಿ ಮೊದಲು ‘ರಿಸೆಟ್ ಟು ಡಿಫಾಲ್ಟ್’ ಒತ್ತಿ. ಅರ್ಧದಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ, ಏಕೆಂದರೆ ಹಿಂದೆ ಯಾವಾಗಲೋ ಮಾಡಿದ ಕೆಟ್ಟ ಕ್ಯಾಲಿಬ್ರೇಷನ್, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಕೂತಿರುತ್ತದೆ. ಆಗಲಿಲ್ಲವೆಂದರೆ ‘ಕ್ಯಾಲಿಬ್ರೇಟ್’. ನಡು ಕೇಳಿದಾಗ ಕೈ ಪೂರ್ತಿ ತೆಗೆದು ಮೌಸಿನಿಂದ ‘ನೆಕ್ಸ್ಟ್’ ಒತ್ತಿ. ಸುತ್ತಿಸಲು ಹೇಳಿದಾಗ ಅಂಚಿಗೆ ತಾಗಿಸಿ ನಿಧಾನವಾಗಿ ಮೂರು ಸುತ್ತು ಹಾಕಿ, ಬಲಹಾಕಿ ಅಮುಕಬೇಡಿ. ಅಮುಕಿದಾಗ ಪ್ಲಾಸ್ಟಿಕ್ ಬಾಗಿ ಸಿಗುವ ಹೆಚ್ಚುವರಿ ದೂರವನ್ನು ಅದು ತುದಿ ಎಂದು ಬರೆದುಕೊಳ್ಳುತ್ತದೆ, ಆಮೇಲೆ ಸಹಜವಾಗಿ ಎಳೆದಾಗ ಎಂದೂ 100 ಬರುವುದಿಲ್ಲ. ತಯಾರಕರದೇ ಕ್ಯಾಲಿಬ್ರೇಷನ್ ಉಪಕರಣ ಇದ್ದರೆ ವಿಂಡೋಸ್‌ನದ್ದನ್ನು ಮುಟ್ಟಬೇಡಿ.

ಗುರುತು ಜಿಗಿಯುವುದನ್ನು ಯಾವ ಕ್ಯಾಲಿಬ್ರೇಷನ್ನೂ ಸರಿಪಡಿಸದು. ಪೊಟೆನ್ಷಿಯೋಮೀಟರ್ (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್) ಇರುವ ಸ್ಟಿಕ್‌ಗಳಲ್ಲಿ ಒಳಗಿನ ಕಾರ್ಬನ್ ಪಟ್ಟಿ ಸವೆದು, ಧೂಳು ಕೂತು ಹೀಗಾಗುತ್ತದೆ. ಕೇಬಲ್ ತೆಗೆದು, ಕೆಳಗಿನ ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ಕಿಗೆ ಹಾನಿಯಾಗದ ಕಾಂಟ್ಯಾಕ್ಟ್ ಕ್ಲೀನರನ್ನು ಪೊಟೆನ್ಷಿಯೋಮೀಟರಿನ ಸಂದಿಗೆ ಒಂದು ಸಲ ಸಿಂಪಡಿಸಿ, ತುದಿಯಿಂದ ತುದಿಗೆ 20-30 ಸಲ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಬಿಚ್ಚುವಾಗ ಸ್ಪ್ರಿಂಗ್ ಹಾರಿಹೋಗದಂತೆ ನೋಡಿಕೊಳ್ಳಿ, ಬಿಚ್ಚುವ ಮುನ್ನ ಒಂದು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಪರದಾಟ ತಪ್ಪುತ್ತದೆ. ಹಾಲ್ ಸೆನ್ಸರಿನ ಸ್ಟಿಕ್‌ಗಳಲ್ಲಿ ಉಜ್ಜುವ ಭಾಗವೇ ಇಲ್ಲ, ಆಯಸ್ಕಾಂತದಿಂದ ಕೆಲಸ ನಡೆಯುತ್ತದೆ. ಥ್ರಸ್ಟ್‌ಮಾಸ್ಟರ್ ಟಿ.16000ಎಂನಂಥದರಲ್ಲಿ ಮುಖ್ಯ ಎರಡು ಆಕ್ಸಿಸ್ ಹಾಲ್, ತಿರುಚು ಪೊಟೆನ್ಷಿಯೋಮೀಟರ್. ಹಾಗಾಗಿ ಅದರಲ್ಲಿ ಮೊದಲು ಕೈಕೊಡುವುದು ರಡರ್.

ಹಳೆಯ ಗೇಮುಗಳು

ಹಳೆಯ ವಿಂಡೋಸ್ ಗೇಮುಗಳು ಒಂದೇ ಜಾಯ್‌ಸ್ಟಿಕ್ ಓದುತ್ತವೆ, ಅದೂ ಪಟ್ಟಿಯ ಮೊದಲನೆಯದನ್ನು. ಗೇಮ್ ಕಂಟ್ರೋಲರ್ಸ್ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿದರೆ ಹಳೆಯ ಪ್ರೋಗ್ರಾಂಗಳಿಗೆ ಯಾವುದನ್ನು ಕೊಡಬೇಕೆಂದು ಆರಿಸಬಹುದು. ಅದಕ್ಕೂ ಬಗ್ಗದಿದ್ದರೆ ಉಳಿದವನ್ನೆಲ್ಲ ಕಿತ್ತು ಒಂದನ್ನೇ ಬಿಡಿ.

ಹಳೆಯ ಡಾಸ್ ಗೇಮುಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಆಡುವಾಗ ಸ್ಟಿಕ್ ತಾನಾಗಿ ಮೂಲೆಗೆ ಹರಿದರೆ ಕಾನ್ಫಿಗರೇಷನ್ ಫೈಲಿನ ಜಾಯ್‌ಸ್ಟಿಕ್ ವಿಭಾಗದಲ್ಲಿ ‘ಟೈಮ್ಡ್’ ಎಂಬುದನ್ನು ಟ್ರೂನಿಂದ ಫಾಲ್ಸ್‌ಗೆ ಬದಲಿಸಿ. ಅಲ್ಲೇ ‘ಜಾಯ್‌ಸ್ಟಿಕ್‌ಟೈಪ್’ ಸಾಲಿದೆ. ‘ಆಟೋ’ ಸರಿಹೋಗದಿದ್ದರೆ ಸಾದಾ ಗೇಮಿಗೆ ‘2ಆಕ್ಸಿಸ್’, ಥ್ರಾಟಲ್ ಬಳಸುವ ಗೇಮಿಗೆ ‘4ಆಕ್ಸಿಸ್’ ಇಟ್ಟು ನೋಡಿ. ಸ್ಟಿಕ್ಕನ್ನು ಡಾಸ್‌ಬಾಕ್ಸ್ ತೆರೆಯುವ ಮೊದಲೇ ಸಿಕ್ಕಿಸಿರಬೇಕು.

ಎಲ್ಲ ಹೊಂದಿದ ಮೇಲೆ

ಕೇಬಲ್ ಯಾವ ಪೋರ್ಟಿನಲ್ಲಿದೆಯೋ ಅಲ್ಲೇ ಇರಲಿ. ಪೋರ್ಟ್ ಬದಲಾದರೆ ವಿಂಡೋಸ್ ಅದನ್ನು ಹೊಸ ಸಾಧನವೆಂದು ಎಣಿಸಬಹುದು, ಗೇಮ್ ಹಳೆಯ ಬೈಂಡಿಂಗ್‌ಗಳನ್ನು ಮರೆತಂತೆ ಕಾಣುತ್ತದೆ. ನಿಜವಾಗಿ ಅವು ಎಲ್ಲೂ ಹೋಗಿರುವುದಿಲ್ಲ. ಡಿಸಿಎಸ್‌ನಲ್ಲಾದರೆ ‘ಸೇವ್ಡ್ ಗೇಮ್ಸ್’ ಫೋಲ್ಡರಿನೊಳಗೆ ಡಿಸಿಎಸ್, ಕಾನ್ಫಿಗ್, ಇನ್‌ಪುಟ್ ಎಂದು ಇಳಿದರೆ ಪ್ರತಿ ವಿಮಾನದ ಹೆಸರಿನಲ್ಲೂ ಒಂದೊಂದು ಫೋಲ್ಡರ್, ಅದರಲ್ಲಿ ಸ್ಟಿಕ್ಕಿನ ಹೆಸರು ಮತ್ತು ಉದ್ದನೆಯ ಗುರುತುಸಂಖ್ಯೆ ಹೊತ್ತ ಫೈಲ್ ಇರುತ್ತದೆ. ಕಂಟ್ರೋಲ್ಸ್ ಮೆನುವಿನಲ್ಲಿ ಆ ಸಾಧನದ ಕಾಲಮ್ ಆರಿಸಿ ‘ಲೋಡ್ ಪ್ರೊಫೈಲ್’ ಒತ್ತಿ, ಹಳೆಯ ಫೈಲ್ ತೋರಿಸಿದರೆ ಎಲ್ಲ ಮರಳುತ್ತವೆ. ಈಗಲೇ ಆ ಇನ್‌ಪುಟ್ ಫೋಲ್ಡರಿನ ನಕಲೊಂದನ್ನು ಬೇರೆ ಡ್ರೈವಿನಲ್ಲಿ ಇಟ್ಟುಕೊಳ್ಳಿ.